ಪೆಟ್ಟಿಗೆಯೊಳಗಿನ ಕರ್ಣಂ

ನನ್ನ ನಾದಿನಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಯಾವಾಗಲೂ ಬೂದಿ ಬಣ್ಣಕ್ಕಿರುತ್ತಿದ್ದವು. ಮಗ್ಗದಲ್ಲಿ ಹಳೆಯ ಹಾಸು ಮುಗಿದಾಗ ಅದರ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಆ ಕೆಲಸಕ್ಕೆ ಕೆಚ್ಚುವುದು ಎನ್ನುತ್ತೇವೆ. ಎಳೆ ಜಾರದಿರಲಿ ಎಂದು ಬೆರಳನ್ನು ಆಗಾಗ ಬೂದಿಗೆ ಅದ್ದಿಕೊಳ್ಳುತ್ತಾರೆ. ಅವಳು ಪಾಲಿಟೆಕ್ನಿಕ್ ಓದಿದಳು, ಆಮೇಲೆ ಅಂಚೆಯ ಮೂಲಕ ಎಂಸಿಎ ಮುಗಿಸಿದಳು, ಸೇಲಂನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಸಂಬಳ ತಂದಳು. ಆದರೂ ಭಾನುವಾರ ಬಂದರೆ ಬೂದಿ ಬಟ್ಟಲು ಹಿಡಿದು ಮಗ್ಗದ ಹಿಂದೆ ಕುಳಿತುಬಿಡುವಳು. ಸೋಮವಾರ ಆಫೀಸಿನ ಕೀಬೋರ್ಡಿನ ಮೇಲೆ ಬೂದಿಯ ಗುರುತು ಬೀಳುತ್ತಿತ್ತು. ಅಲ್ಲಿಯವರು ಅದನ್ನು ವಿಭೂತಿ ಎಂದುಕೊಂಡಿದ್ದರಂತೆ.

“ನನ್ನ ದೊಡ್ಡ ಬಕ್ತೆ ಅಂದ್ಕೊಂಡವ್ರೆ ಅತ್ಗೆ. ಅಂದ್ಕೊಳ್ಲಿ. ಬಕ್ತೆ ಮ್ಯಾಗೆ ಯಾರ್ಗೂ ಅನ್ಮಾನ ಬರಲ್ಲ” ಎಂದಿದ್ದಳು.

ಮಕ್ಕಳೇ, ನಿಮಗೆ ಅವಳು ಸೇಲಂನಿಂದ ತಿನ್ನಲು ತಟ್ಟುವಡೆ ಸೆಟ್ಟು ಕಟ್ಟಿಸಿಕೊಂಡು ಬರುತ್ತಿದ್ದ ಚಿಕ್ಕಜ್ಜಿ. ನಿಮ್ಮ ಮೇಲೆ ಒಂದು ದಿನವೂ ಕೈ ಎತ್ತಿದವಳಲ್ಲ. ಅದಕ್ಕೇ ಅವಳು ಎಷ್ಟು ಕಹಿಯಾದವಳು ಎಂಬುದು ನಿಮಗೆ ತಿಳಿಯಲಿಲ್ಲ. ನಾನು ಓದಿದ್ದು ಈ ತಮಿಳು ನಾಡಿನಲ್ಲೇ, ಪೆನ್ನಾಗರದ ಕಡೆಯ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಕ್ಷಮೆಯ ಮಾತು ಹುಡುಕಬೇಡಿ. ಅವಳು ಯಾರನ್ನೂ ಕ್ಷಮಿಸಲಿಲ್ಲ. ಕ್ಷಮಿಸಲಿಲ್ಲವೆಂದೇ ನಿಮ್ಮ ತಾತನ ಹೆಸರು ಇವತ್ತು ಈ ಬೀದಿಯಲ್ಲಿ ನೆಟ್ಟಗೆ ನಿಂತಿದೆ.

ಹುಟ್ಟಿನಿಂದಲೇ ಅವಳ ಸ್ವಭಾವ ಹಾಗೆ. ಕಾಲೇಜಿಗೆ ಹೋಗುವಾಗ ಒಬ್ಬ ಕಂಡಕ್ಟರ್ ಚಿಲ್ಲರೆ ಇಲ್ಲವೆಂದು ಅವಳನ್ನು ಬಸ್ಸಿನಿಂದ ಇಳಿಸಿಬಿಟ್ಟಿದ್ದ. ಮಾರನೆಯ ದಿನದಿಂದ ಅವಳು ಆ ಬಸ್ಸು ಹತ್ತಲಿಲ್ಲ; ಮುಂದಿನ ಬಸ್ಸಿಗಾಗಿ ಬಿಸಿಲಲ್ಲಿ ನಿಲ್ಲುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ನಾನು ಹೇಳಿದೆ, “ಆವಯ್ಯ ರಿಟೈರ್ ಆದ್ನಂತಲ್ಲಮ್ಮೀ, ಇನ್ನಾದ್ರೂ ಆ ಬಸ್ಸು ಅತ್ತು.”

“ಅವ್ನು ರಿಟೈರ್ ಆಗವ್ನೆ. ಬಸ್ಸು ಆಗಿಲ್ವಲ್ಲ” ಎಂದಳು.

ಅಪ್ಪ ಅಮ್ಮ ಬೇಗ ಹೋದದ್ದರಿಂದ ಅವಳನ್ನು ಸಾಕಿದ್ದು ನಿಮ್ಮ ತಾತ. ಕೆಚ್ಚುವುದನ್ನು ಕಲಿಸಿದ್ದೂ ಅವರೇ, ಪಾಲಿಟೆಕ್ನಿಕ್ಕಿಗೆ ಸೇರಿಸಿದ್ದೂ ಅವರೇ. ನನ್ನ ಮದುವೆಯಲ್ಲಿ ಅವಳು ಲಂಗ ತೊಡುವ ಹುಡುಗಿ. ಅಣ್ಣನ ಪಕ್ಕದಲ್ಲಿ ನಾನು ಕುಳಿತುಕೊಂಡೆನೆಂದು ಒಂದು ತಿಂಗಳು ನನ್ನೊಡನೆ ಮಾತಾಡಿರಲಿಲ್ಲ. ಆಮೇಲೆ ಒಂದು ದಿನ ತಾನೇ ಬಂದು ನನ್ನ ತಲೆ ಬಾಚಿದಳು. ಅವಳು ತಾನಾಗಿ ಹಗೆ ಬಿಟ್ಟದ್ದು, ನನಗೆ ತಿಳಿದಂತೆ, ಅದೊಂದೇ.

ನಿಮ್ಮ ತಾತ ಎಡಪ್ಪಾಡಿಯಲ್ಲಿ ಸಣ್ಣದೊಂದು ಮಗ್ಗದ ಶೆಡ್ಡು ನಡೆಸುತ್ತಿದ್ದರು. ಅರ್ಧ ಮಗ್ಗಗಳಲ್ಲಿ ಊರಿನ ದೊಡ್ಡ ಸೀರೆ ವ್ಯಾಪಾರಿಗೆ ನೇಯುತ್ತಿದ್ದರು, ಉಳಿದವುಗಳಲ್ಲಿ ಸೇಲಂನ ಒಬ್ಬ ಚಿಕ್ಕ ವ್ಯಾಪಾರಿಗೆ. ಮೊದಲೆಲ್ಲ ತೂತು ಹೊಡೆದ ರಟ್ಟಿನ ಅಟ್ಟೆಗಳನ್ನು ಮಗ್ಗದ ಮೇಲೆ ಕಟ್ಟಿ ಹೂವು ಬಳ್ಳಿ ನೇಯುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬೋರ್ಡು ಬಂತು. ಶೆಡ್ಡಿನ ಮೂಲೆಯಲ್ಲಿ ಒಂದು ಪೆಟ್ಟಿಗೆ, ಎಲ್ಲರ ಡಿಸೈನೂ ಅದರೊಳಗೆ. ಅಲ್ಲಿಂದ ಪ್ರತಿ ಮಗ್ಗದ ತಲೆಗೂ ಒಂದು ವೈರು. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಪೆಟ್ಟಿಗೆ ಸಾಲು ಸಾಲಾಗಿ ಹೇಳುತ್ತದೆ. ಮಗ್ಗ ಹಾಗೇ ಮಾಡುತ್ತದೆ.

ಸೀರೆಯ ಊರಿನಲ್ಲಿ ಡಿಸೈನನ್ನು ಜರಿಗಿಂತ ಭದ್ರವಾಗಿ ಕಾಯುತ್ತಾರೆ. ಹಬ್ಬಕ್ಕೆ ಮುಂಚೆ ಒಬ್ಬರ ಅಂಚು ಇನ್ನೊಬ್ಬರ ಅಂಗಡಿಯಲ್ಲಿ ಕಂಡರೆ ಅದು ಕಳ್ಳತನ, ಬೇರೆ ಹೆಸರಿಲ್ಲ. ಆ ವರ್ಷ ದೀಪಾವಳಿಗೆಂದು ದೊಡ್ಡ ವ್ಯಾಪಾರಿ ಅನ್ನಪಕ್ಷಿಯ, ಅಂದರೆ ಹಂಸದ, ಅಂಚೊಂದನ್ನು ಗುಟ್ಟಾಗಿ ಕೊಟ್ಟಿದ್ದ. ಅವನಿಗೆ ಬಹುವಚನ ಕೊಡಲು ನನ್ನ ಪೆನ್ನು ಒಪ್ಪುವುದಿಲ್ಲ, ಬಿಡಿ. ಚಿಕ್ಕ ವ್ಯಾಪಾರಿಯದು ಬರೀ ಮಾವಿನಕಾಯಿ ಅಂಚು. ನಾವು ಸೀರೆಯನ್ನು ಮಗುಚಿ ನೇಯುವವರು. ಅದರ ಮುಖ ನೆಲದ ಕಡೆ ಇರುತ್ತದೆ, ನೇಯುವವನಿಗೆ ಕಾಣುವುದು ಬೆನ್ನಿನ ಎಳೆಗಳ ಗೋಜಲು. ಹಾಗಾಗಿ ಚಿಕ್ಕ ವ್ಯಾಪಾರಿಯ ಸೀರೆಯೊಂದರಲ್ಲಿ ಮಾವಿನಕಾಯಿಗಳ ಸಾಲು ನಿಂತು, ಗೇಣುದ್ದ ಅನ್ನಪಕ್ಷಿಗಳು ಬಂದು, ಮತ್ತೆ ಮಾವಿನಕಾಯಿ ಆದದ್ದು ಶೆಡ್ಡಿನಲ್ಲಿ ಯಾರಿಗೂ ತಿಳಿಯಲಿಲ್ಲ. ಸೀರೆ ಸೇಲಂಗೆ ಹೋಯಿತು. ಅಲ್ಲಿ ಆ ದೊಡ್ಡವನ ಕಣ್ಣಿಗೇ ಬಿತ್ತು.

ಅವನು ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡು ಶೆಡ್ಡಿಗೆ ಬಂದ. ಹಿಂದೆ ಬೀದಿಯ ಜನ.

“ಇದೇನ್ಲಾ?”

ನಿಮ್ಮ ತಾತ ಸೀರೆ ನೋಡಿದರು. ಮಗುಚಿ ಮತ್ತೆ ನೋಡಿದರು. “ಗೊತ್ತಿಲ್ಲ ಯಜಮಾನ್ರೇ. ನಾನು ಆಕಿಲ್ಲ. ಮಗ್ಗನೇ ನೇದ್ಬಿಟ್ಟೈತೆ.”

“ಓಹೋ! ಮಗ್ಗನೇ ಎದ್ದೋಗಿ ನನ್ ಡಿಸೈನ್ ಕದ್ಕೊಂಡು ಬಂತಾ? ಬನ್ರಪ್ಪಾ ಎಲ್ಲಾರೂ, ಕಾಲು ಬಂದಿರೋ ಮಗ್ಗ ನೋಡ್ಕೊಂಡು ಓಗಿ!”

ಜನ ನಕ್ಕರು. ಆ ನಗುವಿನಲ್ಲಿ ನಮ್ಮ ಜೊತೆ ಉಂಡವರೂ ಇದ್ದರು. ಬೀದಿಯ ಪಿಳ್ಳೆಯಾರ್ ಗುಡಿಯ ಮುಂದೆ ಸೂಡ ಹಚ್ಚಿಸಿದರು. ಉರಿಯುವ ಕರ್ಪೂರವನ್ನು ಬರಿಯ ಅಂಗೈಯಿಂದ ಹೊಡೆದು ಆರಿಸಿ ಸತ್ಯ ಮಾಡುವುದು ನಮ್ಮ ಕಡೆಯ ಪದ್ಧತಿ. ಹಾಗೆ ಆರಿಸಿದವನ ಮಾತನ್ನು ಆಮೇಲೆ ಯಾರೂ ಎತ್ತಬಾರದು. ನಿಮ್ಮ ತಾತ ಆರಿಸಿದರು. ಅಂಗೈ ಬೊಬ್ಬೆ ಎದ್ದಿತು. ಆದರೆ ಅವನು ಎತ್ತಿದ. “ಕದಿಯೋನ್ಗೆ ಸೂಡ ಯಾವ ಲೆಕ್ಕ? ಬೋರ್ಡ್ ಮುದಲಾಳೀನ ಕೂಗ್ಸಿ, ಗೊತ್ತಾಗೋಗ್ತದೆ” ಎಂದ.

ಬೋರ್ಡು ಮಾಡುವ ಕಂಪನಿಯ ಮುದಲಾಳಿ, ಅಂದರೆ ಮಾಲೀಕ, ಸೇಲಂನಿಂದ ಕಾರಿನಲ್ಲಿ ಬಂದ. ಅವನೂ ನಮ್ಮ ಹಾಗೆ ಕನ್ನಡದವನೇ. ಲ್ಯಾಪ್‌ಟಾಪ್ ತೆರೆದು ಏನೋ ನೋಡಿದ, ಮುಚ್ಚಿದ. ನಿಮ್ಮ ತಾತನ ಮುಖ ನೋಡದೆ, ವ್ಯಾಪಾರಿಯ ಕಡೆ ತಿರುಗಿ ಹೇಳಿದ, “ಬೋರ್ಡು ಕೊಟ್ಟಿದ್ದನ್ನೇ ನೇಯ್ತದೆ ಅಣ್ಣಾ. ಕೊಟ್ಟೋರು ಯಾರು ಅಂತ ನೀವೇ ಕೇಳ್ಕೊಳ್ಳಿ.”

ಅಷ್ಟೇ ಮಾತು. ಅವನು ಟೀ ಕುಡಿದು ಹೋದ. ಆ ಟೀ ಕಾಸಿದ್ದು ನಾನೇ.

ಮಾರನೆಯ ದಿನ ಇಬ್ಬರು ವ್ಯಾಪಾರಿಗಳೂ ತಮ್ಮ ಹಾಸುಗಳನ್ನು ಮಗ್ಗದಿಂದ ಕತ್ತರಿಸಿಕೊಂಡು ಹೋದರು. ನಿಮ್ಮ ತಾತ ಬೇರೆಯವರ ಶೆಡ್ಡಿಗೆ ಕೂಲಿಗೆ ಹೋದರು. ಅಲ್ಲಿ ಅವರು ಒಳಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು “ಡಿಸೈನ್ ಜೋಪಾನಪ್ಪೋ” ಎಂದು ಕೂಗುವರಂತೆ. ತಮಾಷೆಗೆ. ಒಂದು ವರ್ಷ ಆ ತಮಾಷೆ ಕೇಳಿದರು. ಒಂದು ಬೆಳಗ್ಗೆ ಅಂಗಿಯ ಒಂದು ತೋಳು ಹಾಕಿಕೊಂಡವರು ಇನ್ನೊಂದು ತೋಳು ಹಾಕಲಿಲ್ಲ. ಗೋಡೆಗೆ ಒರಗಿ ಹಾಗೇ ಕೂತುಬಿಟ್ಟರು. ಡಾಕ್ಟರು ಹೃದಯ ಎಂದರು. ನನ್ನ ನಾದಿನಿ ಹೆಣದ ಮುಂದೆ ಅಳಲಿಲ್ಲ. ಅಣ್ಣನ ಅಂಗೈ ಬಿಡಿಸಿ ಆ ಸುಟ್ಟ ಗಾಯದ ಕಲೆಯನ್ನು ನೋಡುತ್ತಾ ಕುಳಿತಿದ್ದಳು.

ಅದಾದ ಮೇಲೆ ಅವಳು ಮೊದಲು ಮಾಡಿದ ಕೆಲಸ ಒಂದು ಹುಂಜ ತಂದದ್ದು. ಅದಕ್ಕೆ “ಯಾವಾರಿ” ಎಂದು ಹೆಸರಿಟ್ಟಳು. ವ್ಯಾಪಾರಿಗೆ ನಮ್ಮ ಬೀದಿಯಲ್ಲಿ ಹಾಗೇ ಅನ್ನುವುದು. ಅವನು ದಿನಾ ನಮ್ಮ ಮನೆಯ ಮುಂದೆಯೇ ಅಂಗಡಿಗೆ ಹೋಗಬೇಕು. ಅವನ ಬಿಳಿ ಪಂಚೆ ಬೀದಿಯ ತಿರುವಿನಲ್ಲಿ ಕಂಡರೆ ಇವಳು ಬಾಗಿಲಿಗೆ ಬರುವಳು.

“ಏ ಯಾವಾರಿ! ಕಂಡೋರ ಮನೆ ತಿಪ್ಪೆ ಎಲ್ಲಾ ಕೆದಕ್ಕೊಂಡು ಬಂದು ಮೀಸೆ ತಿರುವ್ತೀಯಾ? ನಾಚ್ಕೆ ಮಾನ ಏನಾರಾ ಐತಾ ನಿಂಗೆ?”

ಹುಂಜಕ್ಕೆ ಮೀಸೆ ಎಲ್ಲಿಂದ ಬರಬೇಕು! ಎದುರು ಮನೆಯವರು ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಅವನು ನಿಂತು ಕೇಳುವ ಹಾಗೂ ಇಲ್ಲ, ಕೇಳದ ಹಾಗೆ ಹೋಗಲೂ ಆಗುವುದಿಲ್ಲ. ನನಗೆ ನಾಚಿಕೆಯಾಗಿ ಒಳಗೆ ಓಡುತ್ತಿದ್ದೆ. ಒಳಗೆ ಹೋಗಿ, ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಪೂರ್ತಿ ಕೇಳುತ್ತಿದ್ದೆ.

ಎರಡನೆಯ ಕೆಲಸವನ್ನು ಅವಳು ಸದ್ದಿಲ್ಲದೆ ಮಾಡಿದಳು. ಕಾಲೇಜಿನ ಲ್ಯಾಬಿನಲ್ಲಿದ್ದ ಕೆಲಸ ಬಿಟ್ಟು ಆ ಬೋರ್ಡಿನವನ ಕಂಪನಿಗೇ ಸೇರಿದಳು.

“ಅವ್ನತ್ರನಾ?” ಎಂದೆ.

“ಅವ್ನತ್ರನೇ. ತಪ್ಪು ಅಲ್ಲೇ ಅಲ್ವಾ ಇರೋದು. ಉಡುಕೋಕೆ ಇನ್ನೆಲ್ಲಿಗೋಗ್ಲಿ?”

ಊರು ಕೇಳಿದಾಗ ನಂಗವಳ್ಳಿ ಎಂದಳಂತೆ. ಅದು ಅವಳ ತಾಯಿಯ ತವರು, ಪೂರ್ತಿ ಸುಳ್ಳಲ್ಲ. ಅಣ್ಣನ ಹೆಸರು ಯಾರೂ ಕೇಳಲಿಲ್ಲ. ಮುದಲಾಳಿಗೆ ಬೇಕಾಗಿದ್ದದ್ದು ತಲೆ ತಗ್ಗಿಸಿ ಕೆಲಸ ಮಾಡುವ ಹೆಂಗಸು. ಬೂದಿ ಬೆರಳಿನ ಭಕ್ತೆ ಅವನಿಗೆ ಹಿಡಿಸಿದಳು.

ಅಲ್ಲಿ ಅವಳು ಏನು ಓದುತ್ತಿದ್ದಾಳೆ ಎಂದು ನನಗೆ ತಿಳಿದದ್ದು ಒಂದು ಭಾನುವಾರ. ಪಕ್ಕದ ಶೆಡ್ಡಿಗೆ ಕೆಚ್ಚಲು ಹೋಗಿದ್ದೆವು. ಅವಳು ಹೊಸೆಯುತ್ತಿದ್ದಳು, ನಾನು ಎಳೆ ಬಿಡಿಸಿ ಕೊಡುತ್ತಿದ್ದೆ.

“ಪೆಟ್ಗೆ ಒಳ್ಗೆ ಕರ್ನಲ್ ಅಂತ ಒಂದೈತೆ ಅತ್ಗೆ. ಯಾರ್ಗೆ ಜಾಗ ಕೊಡ್ಬೇಕು, ಯಾರ್ಗೆ ಬ್ಯಾಡ, ಎಲ್ಲಾ ಅದ್ರ ಕೈಲೇ.”

“ಕರ್ಣಮ್ಮಾ?” ಎಂದೆ. “ನಮ್ಮೂರ್ನಾಗೂ ಒಬ್ಬ ಇದ್ನಲ್ಲ. ನಮ್ಮಪ್ಪನ ಒಲನ ನಮಗೂ ಬರ್ಕೊಟ್ಟು, ಪಕ್ಕದೋರ್ಗೂ ಬರ್ಕೊಟ್ಟಿದ್ದ, ಮನೆಹಾಳ.”

ಮಕ್ಕಳೇ, ಈಗ ಜಮೀನಿನ ಲೆಕ್ಕಕ್ಕೆ ವಿಎಒ ಆಫೀಸು ಮಾಡುವ ಕೆಲಸವನ್ನು ಹಿಂದಿನ ಕಾಲದಲ್ಲಿ ಊರಿನ ಕರ್ಣಂ ಮಾಡುತ್ತಿದ್ದ. ಯಾವ ಹೊಲ ಯಾರದು ಎಂದು ಅವನು ಹೇಳಿದ್ದೇ ಲೆಕ್ಕ. ಒಂದೇ ಹೊಲಕ್ಕೆ ಇಬ್ಬರನ್ನು ಇಳಿಸಿ ಹೊಡೆದಾಡಿಸದ ಕರ್ಣಂ ನಮ್ಮ ಕಡೆ ಅಪರೂಪ.

ಅವಳು ಎಳೆ ಬಿಟ್ಟು ನಕ್ಕಳು. ಅಣ್ಣ ಹೋದ ಮೇಲೆ ಅವಳು ಬಾಯಿ ತೆರೆದು ನಕ್ಕದ್ದನ್ನು ನಾನು ಆವತ್ತೇ ನೋಡಿದ್ದು. “ಕರ್ಣಂ ಅಂತ್ಲೇ ಇಟ್ಕೋ ಅತ್ಗೆ. ಅದೇ ಸರಿ” ಎಂದು ಬಿಡಿಸಿ ಹೇಳಿದಳು. “ಒಂದೊಂದು ಮಗ್ಗನೂ ಕರೆಂಟ್ ಬಂದ ತಕ್ಷಣ ಪೆಟ್ಗೆ ಅತ್ರ ಓಗಿ ನಂಗೊಂದು ಜಾಗ ಕೊಡು ಅಂತದೆ. ಕರ್ಣಂ ಒಳ್ಗೆ ಒಂದು ಜಾಗ ಬಿಡಿಸಿ ಕೊಡ್ತಾನೆ. ಆ ಜಾಗಕ್ಕೆ ಸಾಕೆಟ್ ಅಂತಾರೆ. ಆಮ್ಯಾಕೆ ಆ ಮಗ್ಗದ ಮಾತೆಲ್ಲಾ ಆ ಜಾಗದ ಮೂಲ್ಕನೇ ಓಗೋದು, ಬರೋದು. ಮಗ್ಗ ಎದ್ದೋದ್ರೆ ಜಾಗ ಖಾಲಿ. ಖಾಲಿ ಜಾಗನ ಇನ್ನೊಬ್ರಿಗೆ ಕೊಡ್ಬೋದು. ಆದ್ರೆ ಕೊಡೋಕೆ ಮುಂಚೆ ಕರ್ಣಂ ಒಂದು ನೋಡ್ಬೇಕು. ಆ ಜಾಗನ ಇನ್ನೂ ಯಾರಾರಾ ಇಡ್ಕೊಂಡವ್ರಾ? ಡಿಸೈನ್ ಓದಿ ಓದಿ ಕಳಿಸ್ತಿರೋನು ಇನ್ನೂ ಅಲ್ಲೇ ನಿಂತವ್ನಾ? ಎಲ್ಲಾರೂ ಕೈ ಬಿಟ್ಟ ಮ್ಯಾಕೆನೇ ಕೊಡ್ಬೇಕು.”

“ನೋಡ್ದೆ ಕೊಟ್ರೆ?”

ಅವಳು ಬೆರಳನ್ನು ಬೂದಿಗೆ ಅದ್ದಿದಳು. “ಒಬ್ರಿಗೆ ಓದಿದ್ದು ಇನ್ನೊಬ್ರ ಕಿವೀಗೆ ಬೀಳ್ತದೆ. ಮಾವ್ನಕಾಯಿ ಮಗ್ಗದ ಮ್ಯಾಗೆ ಅನ್ನಪಕ್ಷಿ ಕೂರ್ತದೆ. ನಮ್ಮಣ್ಣ ಸಾಯ್ತಾನೆ.”

ಅವಳು ಊಹಿಸಿದ್ದು ಸರಿಯಾಗಿತ್ತು, ಆದರೆ ಕೈಗೆ ಸಿಗಲು ಕಾಲ ಹಿಡಿಯಿತು. ಆ ಕರ್ನಲ್ ಎಂಬುದನ್ನು ಯಾರು ಬೇಕಾದರೂ ತೆಗೆದು ಓದಬಹುದಂತೆ; ಊರೂರಿನ ಜನ ಸೇರಿ ಬರೆದದ್ದಂತೆ. ಅದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಇವರ ಕಂಪನಿ ಅದಕ್ಕೆ ಹಾಕಿದ್ದ ತೇಪೆಯಲ್ಲಿ. ಮುದಲಾಳಿ ಅಗ್ಗದ ಚಿಕ್ಕ ಬೋರ್ಡು ತರಿಸುತ್ತಿದ್ದ, ಅದರಲ್ಲಿ ಜಾಗ ಕಡಿಮೆ. ಆದರೆ ಮಾರುವಾಗ ಹೆಚ್ಚು ಮಗ್ಗಗಳಿಗೆ ಆಗುತ್ತದೆ ಎಂದು ಹೇಳಬೇಕು. ಅದಕ್ಕೆ, ಇನ್ನೂ ಯಾರಾದರೂ ಹಿಡಿದುಕೊಂಡಿದ್ದಾರೆಯೇ ಎಂದು ನೋಡುವುದನ್ನೇ ತೆಗೆಸಿಹಾಕಿದ್ದ. ಮಗ್ಗ ಕಣ್ಣು ಮುಚ್ಚಿದರೆ ಸಾಕು, ಅದರ ಜಾಗ ಖಾಲಿ ಎಂದು ಕಿತ್ತುಕೊಳ್ಳುವುದು. ಎಂದಿನ ದಿನ ಏನೂ ಆಗುತ್ತಿರಲಿಲ್ಲ. ಕರೆಂಟು ಹೋಗಿ ತಟ್ಟನೆ ಬಂದಾಗ, ಪೆಟ್ಟಿಗೆ ಯುಪಿಎಸ್ ಮೇಲೆ ಎಚ್ಚರವಾಗಿದ್ದು ಮಗ್ಗಗಳು ಮಾತ್ರ ಆರಿ ಹೊತ್ತಿದಾಗ, ಮೊದಲು ಬಂದ ಮಗ್ಗಕ್ಕೆ ಬೇರೊಂದರ ಜಾಗ ಸಿಕ್ಕಿಬಿಡುತ್ತಿತ್ತು. ನಮ್ಮ ಬೀದಿಯಲ್ಲಿ ಕರೆಂಟು ಕಣ್ಣು ಮಿಟುಕಿಸದ ದಿನ ಯಾವುದು?

ಮುದಲಾಳಿ ತಿಳಿಯದೆ ಮಾಡಿದ್ದರೆ ಅವಳು ಏನು ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ. ಒಂದು ಸಂಜೆ ಎಲ್ಲರಿಗೂ ಟೀ ತರಿಸಿದ್ದನಂತೆ. ಇವಳು ಮೆಲ್ಲಗೆ ಬಾಯಿ ಬಿಟ್ಟಳು. “ಸಾರ್, ಜಾಗ ಕೊಡೋ ಕಡೆ ಒಂದು ತಪ್ಪೈತೆ. ಒಬ್ರ ಡಿಸೈನ್ ಇನ್ನೊಬ್ರಿಗೆ ಓಗ್ಬೋದು.”

ಅವನು ನಕ್ಕನಂತೆ. “ಗೊತ್ತಮ್ಮಾ, ಗೊತ್ತು. ಒಂದು ಸಲ ಆಯ್ತು ಅಂಗೆ, ಎಡಪ್ಪಾಡಿ ಕಡೆ. ನಮ್ ನಸೀಬು ಚೆಂದಾಗಿತ್ತು. ಅಲ್ಲೊಬ್ಬ ಸಿಕ್ದ, ಎಲ್ಲಾ ಅವ್ನ ತಲೆ ಮ್ಯಾಗೇ ಓಯ್ತು. ಸರಿ ಮಾಡೋಕೆ ಓದ್ರೆ ಎಲ್ಲಾರ ಬೋರ್ಡೂ ವಾಪಸ್ ಬರ್ತದೆ. ಬಿಡು.”

“ಆವಯ್ಯ ಈಗೇನ್ ಮಾಡ್ತವ್ರೆ ಸಾರ್?”

“ಯಾರಿಗ್ಗೊತ್ತು? ಟೀ ಕುಡಿ, ಆರೋಗ್ತದೆ.”

ಇದನ್ನು ನನಗೆ ಹೇಳುವಾಗ ಅವಳ ದನಿ ಒಂದು ಚೂರೂ ಅಲ್ಲಾಡಲಿಲ್ಲ. “ಕುಡ್ದೆ ಅತ್ಗೆ. ಪೂರ್ತಿ ಕುಡ್ದೆ. ಲೋಟ ತೊಳ್ದಿಟ್ಟು ಬಂದೆ” ಎಂದಳು.

ಆಮೇಲೆ ಕಾದಳು. ಮುದಲಾಳಿ ಹೊಸ ಬೋರ್ಡೊಂದನ್ನು ಎಡಪ್ಪಾಡಿಯ ಕಲ್ಯಾಣ ಮಂಟಪದಲ್ಲಿ ಎಲ್ಲ ವ್ಯಾಪಾರಿಗಳಿಗೂ ಶೆಡ್ಡಿನವರಿಗೂ ತೋರಿಸಬೇಕೆಂದು ಹೊರಟ. ಹೆಸರು ಹೊಸದು, ಒಳಗಿನ ತೇಪೆ ಹಳೆಯದೇ. ಎರಡು ಮಗ್ಗ ತಂದು ನಿಲ್ಲಿಸುವ ಕೆಲಸ ಇವಳಿಗೇ ಬಂತು. “ಕರೆಂಟ್ ಓಗಿ ಬಂದ್ರೂ ನಮ್ಮ ಬೋರ್ಡ್ ಅಲ್ಲಾಡಲ್ಲ ಅಂತ ತೋರ್ಸಿ ಸಾ‌ರ್. ಸ್ವಿಚ್ಚು ನೀವೇ ಇಡ್ಕೊಳ್ಳಿ. ನಿಮ್ಮ ಕೈಲಿದ್ರೆ ಜನ ನಂಬ್ತಾರೆ” ಎಂದಳಂತೆ. ಅವನಿಗೆ ಬಹಳ ಇಷ್ಟವಾಯಿತು. ಒಂದು ಮಗ್ಗಕ್ಕೆ ನಮ್ಮ ದೊಡ್ಡ ವ್ಯಾಪಾರಿಯ ನವಿಲು ಡಿಸೈನನ್ನು, ತಾನು ಮುಂದೆ ಬರದೆ, ಮುದಲಾಳಿಯಿಂದಲೇ ಕೇಳಿಸಿ ತರಿಸಿದಳು. ಎಲ್ಲರೂ ನೋಡುತ್ತಾರೆಂದು ವ್ಯಾಪಾರಿ ಉಬ್ಬಿ ಕೊಟ್ಟ. ಇನ್ನೊಂದು ಮಗ್ಗಕ್ಕೆ ಬೇರೆಯವರ ಗಿಳಿ. ಸೀರೆಯ ಮುಖ ಕೆಳಗಲ್ಲವೇ? ಎಲ್ಲರಿಗೂ ಕಾಣಲಿ ಎಂದು ಎರಡು ಮಗ್ಗಗಳ ಕೆಳಗೂ ನೆಲದ ಮೇಲೆ ದೊಡ್ಡ ಕನ್ನಡಿಗಳನ್ನು ಒರಗಿಸಿ ಇಟ್ಟಳು.

ನನ್ನನ್ನೂ ಕರೆದಿದ್ದಳು. ನಾನು ಹೆಂಗಸರ ಕಡೆ ಕೊನೆಯ ಸಾಲಿನಲ್ಲಿ, ತಲೆಯ ಮೇಲೆ ಸೆರಗು ಹಾಕಿಕೊಂಡು ಕುಳಿತಿದ್ದೆ.

ಮುದಲಾಳಿ ಮೈಕಿನಲ್ಲಿ ದೊಡ್ಡ ಮಾತಾಡಿ ಸ್ವಿಚ್ಚು ಆರಿಸಿದ, ಹಾಕಿದ. ಮಗ್ಗಗಳು ನಿಂತು ಓಡಿದವು. ಕನ್ನಡಿಯಲ್ಲಿ ಗಿಳಿ ಗಿಳಿಯಾಗಿಯೇ ಇತ್ತು, ನವಿಲು ನವಿಲಾಗಿ. ಜನ ಚಪ್ಪಾಳೆ ತಟ್ಟಿದರು. ಅವನಿಗೆ ಹುರುಪು ಬಂದು ಮತ್ತೆ ಆರಿಸಿದ, ಮತ್ತೆ ಹಾಕಿದ. ನಾನು ಮುಂದಕ್ಕೆ ಬಾಗಿ ಕನ್ನಡಿಯನ್ನೇ ನೋಡುತ್ತಿದ್ದೆ. ಏನೂ ಆಗದೆ ಹೋದರೆ? ನನ್ನ ನಾದಿನಿ ಕಂಬಕ್ಕೆ ಒರಗಿ, ಕೈಕಟ್ಟಿಕೊಂಡು, ಅವನ ಬೆರಳನ್ನೇ ನೋಡುತ್ತಿದ್ದಳು. ಅವನು ಆಟದ ಹಾಗೆ ಪಟಪಟನೆ ಆರಿಸಿ ಹಾಕಿದ.

ಮುಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು. “ಅಯ್ಯೋ, ಗಿಳಿಗೆ ಬಾಲ ಬರ್ತಾ ಐತಲ್ರೋ!”

ಕನ್ನಡಿಯಲ್ಲಿ ಗಿಳಿಯ ಅರ್ಧ ಮೈಯ ಮೇಲೆ ನವಿಲಿನ ಗರಿ ಒಂದೊಂದು ಸಾಲಾಗಿ ಏಳುತ್ತಿತ್ತು. ದೊಡ್ಡ ವ್ಯಾಪಾರಿಯ ನವಿಲು, ಎಲ್ಲರ ಕಣ್ಣೆದುರು, ಇನ್ನೊಬ್ಬರ ಸೀರೆಯಲ್ಲಿ. ಯಾರೂ ಕದ್ದಿರಲಿಲ್ಲ. ಯಾರೂ ಮಗ್ಗದ ಹತ್ತಿರವೂ ಇರಲಿಲ್ಲ.

ಮುದಲಾಳಿ ಅವಳ ಕಡೆ ತಿರುಗಿದ. “ಏನಮ್ಮಾ ಇದು? ಏನ್ ಮಾಡ್ದೆ ನೀನು?”

“ನಾನು ಮುಟ್ಟಿಲ್ಲ ಸಾರ್. ಸ್ವಿಚ್ಚು ನಿಮ್ ಕೈಲೈತೆ. ಬೋರ್ಡು ಕೊಟ್ಟಿದ್ದನ್ನೇ ನೇಯ್ತದೆ ಅಂತ ನೀವೇ ಏಳಿದ್ರಲ್ಲ. ಈಗ ಕೊಟ್ಟೋರು ಯಾರು, ಏಳಿ.”

“ನಾನ್ ಯಾವಾಗ ಏಳ್ದೆ?”

“ನಮ್ಮಣ್ಣನ ಶೆಡ್ನಾಗೆ. ಟೀ ಕುಡಿಯೋಕೆ ಮುಂಚೆ.”

ಆಗ ಅವನಿಗೆ ಅವಳು ಯಾರೆಂದು ತಿಳಿಯಿತು. ಮೈಕು ಅವನ ಕೈಯಲ್ಲೇ ಇತ್ತು. ಅವನ ಉಸಿರು ಮಂಟಪಕ್ಕೆಲ್ಲ ಕೇಳಿಸಿತು. ಅವಳು ಮೈಕು ತೆಗೆದುಕೊಳ್ಳಲಿಲ್ಲ. ಮಗ್ಗದ ಸದ್ದಿನಲ್ಲಿ ಬೆಳೆದ ಗಂಟಲು ಅವಳದು.

ಕರ್ನಲ್, ಸಾಕೆಟ್ ಎಂದು ಶುರುಮಾಡಿದಳು. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಒಬ್ಬ ಶೆಡ್ಡಿನವನು “ಮಿಲಿಟ್ರಿ ಕರ್ನಲ್ಲಾ?” ಎಂದ. ಅವಳು ಕೊನೆಯ ಸಾಲಿನಲ್ಲಿದ್ದ ನನ್ನ ಕಡೆ ನೋಡಿದಳು. ಆಮೇಲೆ ಹೇಳಿದಳು, “ಪೆಟ್ಗೆ ಒಳ್ಗೆ ಒಬ್ಬ ಕರ್ಣಂ ಅವ್ನೆ ಅಂತ ಇಟ್ಕೊಳ್ಳಿ. ಒಬ್ಬ ನೀರು ಕುಡ್ದು ಬರೋಷ್ಟ್ರಲ್ಲಿ ಅವ್ನ ಒಲನ ಖಾಲಿ ಅಂತ ಬರ್ದು, ಇನ್ನೊಬ್ಬನ್ಗೆ ಕೊಟ್ಬಿಡ್ತಾನೆ. ಬಿತ್ತನೆ ಮಾಡ್ತಿದ್ದೋನು ಅದು ತಿಳೀದೆ ಅದೇ ಒಲಕ್ಕೆ ಬೀಜ ಆಕ್ತಾನೆ ಇರ್ತಾನೆ. ಯಾರ ಬೀಜ ಯಾರ ಒಲದಾಗೆ ಉಟ್ತದೆ? ಅಂಗೆ ಮಾಡು ಅಂತ ಕರ್ಣಂಗೆ ಕಲ್ಸಿದ್ದು ಈವಯ್ಯ. ಗೊತ್ತಿದ್ದೂ ನಮ್ಮಣ್ಣನ್ನ ಕಳ್ಳ ಅನ್ನಿಸ್ದ.”

ಇಷ್ಟೇ ಸಾಕಾಯಿತು. ಕರ್ಣಂನ ಕೈಯಲ್ಲಿ ಹೊಲ ಕಳೆದುಕೊಳ್ಳದ ಮನೆ ಆ ಮಂಟಪದಲ್ಲಿ ಎಷ್ಟಿದ್ದಾವು? ಮುದುಕರೊಬ್ಬರು ತೊಡೆ ತಟ್ಟಿಕೊಂಡು, “ಅಂಗಾದ್ರೆ ನಮ್ ಶೆಡ್ನಾಗೆ ಓದ ವರ್ಸ ಕಮಲ ಎದ್ದಿದ್ದೂ ಅವ್ನೇ ಮಾಡಿದ್ದಾ! ನಾನು ನನ್ ಮಗನ್ಗೆ ಒಡ್ದೆನಲ್ಲಪ್ಪಾ!” ಎಂದರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಎದ್ದರು. ಮುದಲಾಳಿ ಹಿಂಬಾಗಿಲಿನಿಂದ ಹೋದ. ಕೆಲವೇ ದಿನಗಳಲ್ಲಿ ಬೋರ್ಡುಗಳು ಅವನ ಬಾಗಿಲಿಗೆ ವಾಪಸು ಬಂದು ಬಿದ್ದವು. ಈಗಲೂ ನಮ್ಮ ಬೀದಿಯಲ್ಲಿ ಯಾವ ಬೋರ್ಡು ತಪ್ಪು ನೇಯ್ದರೂ “ಕರ್ಣಂ ಕುಡ್ದವ್ನೆ” ಎನ್ನುತ್ತಾರೆ.

ದೊಡ್ಡ ವ್ಯಾಪಾರಿ ಮಾರನೆಯ ದಿನ ಶಾಲು, ಹಣ್ಣಿನ ತಟ್ಟೆ ಹಿಡಿದು ಮನೆಗೆ ಬಂದ. “ಆಗಿದ್ದು ಆಗೋಯ್ತಮ್ಮಾ. ನಂಗೂ ಮೋಸ ಆಗೈತೆ. ನಿಮ್ ಶೆಡ್‌ಗೆ ಮತ್ತೆ ಆಸು ಕಳಿಸ್ತೀನಿ.”

ನನಗೆ ಆಗಲೇ ಮನಸ್ಸು ಕರಗುತ್ತಿತ್ತು. ತಟ್ಟೆಗೆ ಕೈ ಚಾಚಿದ್ದೆನೋ ಏನೋ. ನನ್ನ ನಾದಿನಿ ಅಡ್ಡ ಬಂದಳು.

“ಶಾಲು ಬ್ಯಾಡ. ಆಸೂ ಬ್ಯಾಡ. ಎಲ್ಲೆಲ್ಲಿ ಓಗಿ ಕಳ್ಳ ಅಂದ್ರೋ ಅಲ್ಲೆಲ್ಲಾ ಓಗಿ, ಅಲ್ಲ ಅಂತ ಏಳಿ. ನಾನೂ ಬರ್ತೀನಿ.”

“ಎಲ್ಲಾರ್ಗೂ ಗೊತ್ತಾಗೈತಲ್ಲಮ್ಮಾ.”

“ನಿಮ್ ಬಾಯಿಂದ ಗೊತ್ತಾಗಿಲ್ಲ.”

ಅವನು ಹೊರಟ. ಜನ ನೋಡುತ್ತಿದ್ದರಲ್ಲ, ಹೊರಡದೆ ವಿಧಿಯಿರಲಿಲ್ಲ. ಬೀದಿಯ ಪ್ರತಿ ಶೆಡ್ಡಿಗೂ ಅವನು ಮುಂದೆ, ಅವಳು ಹಿಂದೆ. ಮೊದಲನೆಯ ಶೆಡ್ಡಿನಲ್ಲಿ ಅವನು ಮಗ್ಗಗಳ ಗದ್ದಲದೊಳಗೆ ಏನೋ ಗೊಣಗಿ ಹೊರಗೆ ಕಾಲಿಟ್ಟ. ಅವಳು ಬಾಗಿಲಲ್ಲಿ ನಿಂತಳು. “ಕೇಳಿಸ್ಲಿಲ್ಲ. ಮಗ್ಗ ನಿಲ್ಸಿ, ಆಮ್ಯಾಕೆ ಏಳಿ.” ಶೆಡ್ಡಿನವರು ಮಗ್ಗ ನಿಲ್ಲಿಸಿದರು. ಸದಾ ಸದ್ದಿರುವ ಬೀದಿಯಲ್ಲಿ ಒಂದೊಂದೇ ಶೆಡ್ಡು ಮೌನವಾಗುತ್ತಾ ಬಂದದ್ದನ್ನು ನಾನು ಮನೆಯಲ್ಲಿ ಕುಳಿತೇ ಕೇಳಿದೆ. ಪ್ರತಿ ಮೌನದಲ್ಲೂ ಅವನ ದನಿ. “ಅವ್ರು ಕದ್ದಿಲ್ಲ. ನಾನು ಏಳಿದ್ದು ತಪ್ಪು.” ನನ್ನ ಗಂಡ ಹೋದ ಮೇಲೆ ಅಷ್ಟು ಹಾಯಾಗಿ ನಾನು ಅತ್ತದ್ದು ಆವತ್ತೇ.

ಅವಳಿಗೆ ಅದರಿಂದ ಒಳ್ಳೆಯದೇನೂ ಆಗಲಿಲ್ಲ. ಮುದಲಾಳಿಯ ಮನೆಗೆ ಬೆಂಕಿ ಇಟ್ಟವಳು ಎಂದು ಬೇರೆ ಯಾವ ಕಂಪನಿಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಮುದಲಾಳಿಯ ಕಂಪನಿಯಲ್ಲಿ ಕೆಲಸ ಕಳೆದುಕೊಂಡ ಹೆಂಗಸೊಬ್ಬಳು ಬೀದಿಯಲ್ಲೇ ನಿಂತು ಮಣ್ಣು ತೂರಿ ಶಪಿಸಿದಳು. ಇವಳು ಎದುರಾಡದೆ ಕೇಳಿಸಿಕೊಂಡು ಒಳಗೆ ಬಂದಳು. “ಅವ್ಳು ಏಳೋದ್ರಾಗೆ ನ್ಯಾಯ ಐತೆ. ಅವ್ಳು ನನ್ನ ಕ್ಷಮಿಸ್ಬಾರ್ದು” ಎಂದಳು. ಶಾಲೆ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾ, ಕೆಚ್ಚಲು ಹೋಗುತ್ತಾ ಉಳಿದ ಕಾಲ ಕಳೆದಳು. ಹುಂಜ ಸತ್ತಾಗ ಇನ್ನೊಂದು ತಂದು ಅದಕ್ಕೂ ಅದೇ ಹೆಸರಿಟ್ಟಳು. “ಅವ್ನು ಏಳಿದ್ನಲ್ಲಮ್ಮೀ, ತಪ್ಪು ಅಂತ” ಎಂದೆ. “ಏಳ್ದ. ಅಣ್ಣ ಕೇಳಿಸ್ಕೊಂಡ್ನಾ?” ಎಂದಳು.

ಹೋದ ವರ್ಷ ಅವಳಿಗೆ ಕಾಮಾಲೆ ಬಂತು. ಮೊದಲು ಲೆಕ್ಕಿಸಲಿಲ್ಲ, ಆಮೇಲೆ ಲೆಕ್ಕಿಸಿ ಪ್ರಯೋಜನವಿರಲಿಲ್ಲ. ಸೇಲಂ ಆಸ್ಪತ್ರೆಯಿಂದ ಹೆಣವನ್ನು ವ್ಯಾನಿನಲ್ಲಿ ತಂದು ಹೊರಗಿನ ಜಗಲಿಯ ಮೇಲೆ ಮಲಗಿಸಿದೆವು. ನೀವು ಆವತ್ತು ಬಂದಿರಿ, ಆದರೆ ಮಧ್ಯಾಹ್ನದ ಮೇಲೆ ಬಂದಿರಿ. ಅದಕ್ಕೆ ಮುಂಚೆ ನಡೆದದ್ದು ನಿಮಗೆ ಗೊತ್ತಿಲ್ಲ.

ದೊಡ್ಡ ವ್ಯಾಪಾರಿ ಬಂದ. ಈಗ ಅವನಿಗೂ ವಯಸ್ಸಾಗಿದೆ, ಕೋಲು ಹಿಡಿದಿದ್ದ. ಹಿಂದೆ ಒಬ್ಬ ಆಳು ಗುಲಾಬಿಯ ದೊಡ್ಡ ಮಾಲೆ ಹಿಡಿದಿದ್ದ. ಜನ ಎಂದಿನಂತೆ ಸರಿದು ಅವನಿಗೆ ದಾರಿ ಬಿಟ್ಟರು. ಹಿರಿಯರೊಬ್ಬರು “ಬನ್ನಿ ಯಜಮಾನ್ರೇ” ಎಂದರು. ಅವನು ಮಾಲೆಯನ್ನು ಕೈಗೆ ತೆಗೆದುಕೊಂಡು ಮೆಟ್ಟಿಲಿಗೆ ಕಾಲಿಟ್ಟ.

ನಾನು ಎದ್ದು ನಿಂತೆ. ಎದ್ದು ನಿಲ್ಲಬೇಕೆಂದು ಮೊದಲೇ ಯೋಚಿಸಿರಲಿಲ್ಲ. ತಲೆಯ ಮೇಲಿನ ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ.

“ಆಕ್ಬ್ಯಾಡಿ” ಎಂದೆ.

ಅವನಿಗೆ ಅರ್ಥವಾಗಲಿಲ್ಲ. ನಾನು ಮಾತಾಡುವುದನ್ನು ಅವನು ಅದಕ್ಕೆ ಮುಂಚೆ ಕೇಳಿರಲಿಲ್ಲ.

“ಮಾಲೆ ಆಕ್ಬ್ಯಾಡಿ. ತಕ್ಕೊಂಡೋಗಿ.”

ಹಿರಿಯರು “ಏನಮ್ಮಾ ಇದು, ಸಾವಿನ ಮನೇಲಿ” ಎಂದರು. ಅವನು ಮೆತ್ತಗೆ, ಒಳ್ಳೆಯವನ ದನಿಯಲ್ಲಿ ಹೇಳಿದ, “ಸತ್ತೋರ್ಗೆ ಏನಮ್ಮಾ ಅಗೆ, ದ್ವೇಸ? ಎಲ್ಲಾ ಮುಗ್ದೋಯ್ತಲ್ಲ.”

“ಸತ್ತೋರ್ಗಿಲ್ಲ” ಎಂದೆ. “ನಂಗೈತೆ.”

ಅವನು ಸ್ವಲ್ಪ ಹೊತ್ತು ಮಾಲೆ ಹಿಡಿದೇ ನಿಂತಿದ್ದ. ಕೊಡಲು ಯಾರೂ ಕೈ ಚಾಚಲಿಲ್ಲ, ಇಡಲು ಎಲ್ಲೂ ಆಗಲಿಲ್ಲ. ಕೊನೆಗೆ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ವಾಪಸು ಹೋದ. ಕಾರು ಬೀದಿ ದಾಟುವವರೆಗೂ ನಾನು ಮೆಟ್ಟಿಲ ಮೇಲೇ ನಿಂತಿದ್ದೆ. ಆಮೇಲೆ ಹೆಂಗಸರನ್ನು ಕರೆದು, ನೀರು ಹಾಕಲು ಅವಳನ್ನು ಎತ್ತಿದೆ.